ಬೀದರ್‌ನಲ್ಲಿ ಓದಿದ ಪಶುವೈದ್ಯನಿಗೆ ನಾಯಿಯ ಓಪನ್ ಹಾರ್ಟ್ ಸರ್ಜರಿ ಕಲಿಯಬೇಕು ಅನ್ನಿಸಿದರೆ ಎಲ್ಲಿಂದ ಶುರು ಮಾಡಬೇಕು?

ಸುರಪುರದ_ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಬೀದರ್‌ನಲ್ಲಿ ಬಿವಿಎಸ್ಸಿ ಓದಿದವನು, ಈಗ ಇಂಟರ್ನ್‌ಶಿಪ್ ನಡೆಯುತ್ತಿದೆ. ಊರು ಸುರಪುರದ ಹತ್ತಿರ. ಮನೆಯಲ್ಲಿ ಎರಡು ಎಮ್ಮೆ, ಒಂದು ಜೋಡಿ ಎತ್ತು, ಹತ್ತು ಹನ್ನೆರಡು ಕುರಿ ಇವೆ. ನಾಯಿ ಡಾಕ್ಟರ್ ಆಗಬೇಕು ಅಂತ ಈ ಕೋರ್ಸಿಗೆ ಬಂದವನೇನೂ ಅಲ್ಲ.

ಕಳೆದ ತಿಂಗಳು ರಾತ್ರಿ ಡ್ಯೂಟಿಯಲ್ಲಿದ್ದಾಗ ಒಂದು ಪಾಮರೇನಿಯನ್ ಬಂತು. ಹನ್ನೊಂದು ವರ್ಷದ್ದು, ಆರು ಕೆಜಿ ತೂಕ. ಮುಂಗಾಲು ಅಗಲಿಸಿ, ಕುತ್ತಿಗೆ ಮುಂದಕ್ಕೆ ಚಾಚಿ ನಿಂತೇ ಇತ್ತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಎಣಿಸಿದೆ, ನಿಮಿಷಕ್ಕೆ 70. ಎದೆಯ ಎಡಗಡೆ ಸ್ಟೆತಸ್ಕೋಪ್ ಇಟ್ಟರೆ ಲಬ್ ಡಬ್ ಅನ್ನುವುದೇ ಇಲ್ಲ, ಬರೀ ಬುಸ್ ಬುಸ್. ಮೂತ್ರ ಹೆಚ್ಚಿಸಿ ಶ್ವಾಸಕೋಶದ ನೀರು ಇಳಿಸುವ ಫ್ಯೂರೋಸಮೈಡ್ ಇಂಜೆಕ್ಷನ್ ಕೊಟ್ಟು, ಮೂತಿಗೆ ಆಕ್ಸಿಜನ್ ಹಿಡಿದುಕೊಂಡು ಬೆಳಗಿನ ನಾಲ್ಕರ ತನಕ ಕೂತೆವು. ಸುಧಾರಿಸಿ ಮನೆಗೆ ಹೋಯಿತು. ಹದಿನೈದು ದಿನ ಆದ ಮೇಲೆ ತೀರಿಕೊಂಡಿತು ಅಂತ ಫೋನ್ ಬಂತು.

ಆ ರಾತ್ರಿ ನಾಯಿಯ ಯಜಮಾನರು ಕೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. "ನಮ್ಮಪ್ಪಗ ಇದೇ ವಾಲ್ವ್ ಆಪರೇಷನ್ ಆಗ್ಯದ, ಆರಾಮ್ ಅದಾರ. ಇದಕ್ಕ್ಯಾಕ ಮಾಡಂಗಿಲ್ಲ ಡಾಕ್ಟ್ರೇ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಒಬ್ಬ ಹಿರಿಯರಿಗೆ ಹೇಳಿದೆ, ಸರ್ ನಾನು ಇದನ್ನೇ ಕಲಿಯಬೇಕು ಅಂತಿದ್ದೇನೆ ಅಂತ. ಅವರು ನಕ್ಕು, ಮೊದಲು ಎಮ್ಮೆಗೆ ಗಬ್ಬ ಆಗಿದೆಯೋ ಇಲ್ಲವೋ ನೋಡುವುದು ಸರಿಯಾಗಿ ಕಲಿ ಅಂದರು. ಅದೂ ಸರಿನೇ ಅನ್ನಿ.

ಈಗ ಪ್ರಶ್ನೆ. ನಾಯಿಗೆ ಹೃದಯ ನಿಲ್ಲಿಸಿ ಮಾಡುವ ಆಪರೇಷನ್ ನಿಜಕ್ಕೂ ಎಲ್ಲಾದರೂ ನಡೆಯುತ್ತಾ? ನಡೆದರೆ ಪಶುವೈದ್ಯರು ಅದನ್ನು ಎಲ್ಲಿ, ಎಷ್ಟು ವರ್ಷ ಕಲಿಯುತ್ತಾರೆ? ನಮ್ಮಂಥವರಿಗೆ ದಾರಿ ಇದೆಯಾ, ಇಲ್ಲಾ ಸುಮ್ನೆ ಪಶು ವೈದ್ಯಾಧಿಕಾರಿ ಪರೀಕ್ಷೆಗೆ ಓದಿಕೊಂಡು ಕೂರಬೇಕಾ? ಮನೆಯಲ್ಲಿ ಎರಡನೆಯದೇ ಬೇಕು ಅಂತಿದ್ದಾರೆ. 371(ಜೆ) ಮೀಸಲಾತಿ ಇದೆ, ನೌಕರಿ ಸಿಗುತ್ತದೆ, ಇನ್ನೇನು ಬೇಕು ಅಂತ ಕಾಕಾ ದಿನಾ ಫೋನ್ ಮಾಡುತ್ತಾರೆ.

ತೊಗರಿಹೊಟ್ಟು:

ನಾಯಿಗೆ ಓಪನ್ ಹಾರ್ಟಾ? ನಮ್ಮ ತಾಲೂಕಿನಲ್ಲಿ ಎಕ್ಸ್‌ರೇ ತೆಗೆಸಲು ಎಮ್ಮೆಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಬೇಕು ಮಾರಾಯ. ಇವೆಲ್ಲ ಯೂಟ್ಯೂಬ್ ಕಥೆಗಳು. ಯಾರೂ ನಿಜಕ್ಕೂ ಮಾಡಲ್ಲ, ವಿಡಿಯೋ ಮಾಡಿ ಬಿಡುತ್ತಾರೆ ಅಷ್ಟೇ. ಪರೀಕ್ಷೆಗೆ ಓದು.

ಎಮ್ಮೆ_ಡಾಕ್ಟ್ರು:

ತಮ್ಮಾ, ನಾನು ಯಾದಗಿರಿ ಜಿಲ್ಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಫೀಲ್ಡ್‌ನಲ್ಲಿದ್ದೇನೆ. ನಾಯಿ ವಾಲ್ವ್ ಬಗ್ಗೆ ನನಗಿಂತ ತಿಳಿದವರು ಬರೆಯಲಿ. ಆದರೆ ಹೃದಯದ ಕಾಯಿಲೆ ಅಂದರೆ ನಾಯಿಯದ್ದು ಮಾತ್ರ, ಅದು ಪಟ್ಟಣದ ಶೋಕಿ ಅಂತ ತಿಳಿದುಕೊಂಡಿರುವವರಿಗೆ ಒಂದು ಮಾತು ಹೇಳಬೇಕು.

ನಮ್ಮ ಕಡೆ ಎಮ್ಮೆ ಆಕಳು ಹೃದಯದಿಂದ ಸಾಯುವುದು ಏನು ಕಡಿಮೆ ಇಲ್ಲ. ತಂತಿಯಿಂದ ಸಾಯುತ್ತವೆ. ಕಣಿಕೆ ಕತ್ತರಿಸಿ ಹಾಕುವಾಗ ಅದರಲ್ಲಿ ಸೆಂಟ್ರಿಂಗ್ ತಂತಿಯ ತುಂಡು ಇರುತ್ತದೆ, ಹಳೆ ಟೈರಿನ ತಂತಿ, ಗೋಣಿಚೀಲ ಹೊಲಿಯುವ ದಬ್ಬಣ, ಹೆಣ್ಮಕ್ಕಳ ಕೂದಲಿನ ಪಿನ್. ದನ ಬಾಯಲ್ಲಿ ಆರಿಸಿ ತಿನ್ನುವುದಿಲ್ಲ, ನುಂಗಿಬಿಡುತ್ತದೆ. ಭಾರದ ವಸ್ತು ಎರಡನೇ ಹೊಟ್ಟೆಗೆ, ಅಂದರೆ ರೆಟಿಕ್ಯುಲಮ್‌ಗೆ ಬಂದು ಕೂರುತ್ತದೆ. ಅದರ ಮುಂದೆ ವಪೆ, ವಪೆಯ ಆಚೆ ಹೃದಯ. ನಡುವೆ ಇರುವುದು ಕೆಲವೇ ಇಂಚು. ಹೊಟ್ಟೆ ಪ್ರತಿ ಸಲ ಹಿಂಡಿದಾಗ ತಂತಿ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯುತ್ತದೆ. ಗಬ್ಬದ ಕೊನೆಯಲ್ಲಿ ಕರುವಿನ ಒತ್ತಡವೂ ಸೇರುತ್ತದೆ, ಈಯುವಾಗ ತಿಣುಕಿದರೆ ಇನ್ನಷ್ಟು.

ಮೊದಲು ಹಾಲು ಇಳಿಯುತ್ತದೆ. ಆಮೇಲೆ ಮುಂಗಾಲಿನ ಮೊಳಕೈ ಹೊರಗೆ ಚಾಚಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಇಳಿಯಲು ಒಪ್ಪುವುದಿಲ್ಲ, ಹೆಗಲ ಮೇಲೆ ಹಿಂಡಿದರೆ ಬೆನ್ನು ಬಗ್ಗಿಸುವುದಿಲ್ಲ, ನರಳುತ್ತದೆ. ಈ ಹಂತದಲ್ಲಿ ಸಿಕ್ಕರೆ ಎಡ ಪಕ್ಕೆಯಲ್ಲಿ ಕೊಯ್ದು, ರೂಮೆನ್ ಅನ್ನುವ ಮೊದಲ ದೊಡ್ಡ ಹೊಟ್ಟೆಯೊಳಗೆ ಭುಜದ ತನಕ ಕೈ ಹಾಕಿ, ಮುಂದಿನ ಚೀಲದಲ್ಲಿ ತಡಕಿ ತಂತಿ ಕಿತ್ತು ತರುತ್ತೇವೆ. ಜಾಸ್ತಿ ಬದುಕುತ್ತವೆ. ಆದರೆ ರೈತ ಬರುವುದು ಗಂಗೆದೊಗಲು ಊದಿ ಜೋತು ಬಿದ್ದ ಮೇಲೆ, ಕುತ್ತಿಗೆಯ ರಕ್ತನಾಳ ಹೆಬ್ಬೆರಳು ದಪ್ಪ ಆದ ಮೇಲೆ. ಆಗ ಹೃದಯದ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಕೊಡದಲ್ಲಿ ನೀರು ಕುಲುಕಿದ ಸದ್ದು. ಹೃದಯದ ಚೀಲದಲ್ಲಿ ಕೀವು ತುಂಬಿರುತ್ತದೆ. ಐದನೇ ಪಕ್ಕೆಲುಬು ತೆಗೆದು ಆ ಚೀಲ ತೆರೆದು ತೊಳೆಯುವ ಆಪರೇಷನ್ ಇದೆ. ಅಷ್ಟು ತಡವಾಗಿ ಬಂದ ದನ ಹೆಚ್ಚಾಗಿ ಉಳಿಯುವುದಿಲ್ಲ. ನಾನು ಎರಡು ಸಲ ಪಕ್ಕದಲ್ಲಿ ನಿಂತು ಸಹಾಯ ಮಾಡಿದ್ದೇನೆ. ಒಂದರಲ್ಲಿ ಬಕೆಟ್ ತುಂಬಾ ಕೀವು ಬಂತು, ವಾಸನೆ ಮೂರು ದಿನ ಕೈಯಿಂದ ಹೋಗಲಿಲ್ಲ, ಎಮ್ಮೆಯೂ ಉಳಿಯಲಿಲ್ಲ.

ಇದನ್ನೆಲ್ಲಾ ಹೇಳಿದ್ದು ಯಾಕೆ? ನೀನು ಹೃದಯ ತೆರೆಯುವ ಮಾತಾಡುತ್ತಿದ್ದೀಯ. ಅದಕ್ಕೂ ಮೊದಲು ಎದೆ ತೆರೆಯುವುದು ಬರಬೇಕಲ್ವಾ? ಎದೆಗೂಡು ತೆರೆದ ಕ್ಷಣ ಹೊರಗಿನ ಗಾಳಿ ನುಗ್ಗಿ ಶ್ವಾಸಕೋಶ ಮುದುಡುತ್ತದೆ. ನಾಯಿಯಲ್ಲಿ ಎರಡು ಬದಿಯ ನಡುವಿನ ಪೊರೆ ತೀರಾ ತೆಳು, ಒಂದು ಕಡೆ ತೆರೆದರೂ ಎರಡೂ ಕಡೆ ಹೋಯಿತು ಅಂತಲೇ ಲೆಕ್ಕ ಹಾಕಿಕೊಳ್ಳಬೇಕು. ಆಗ ಟ್ಯೂಬ್ ಹಾಕಿ ಯಾರಾದರೂ ಉಸಿರು ಕೊಡುತ್ತಲೇ ಇರಬೇಕು. ಅದು ಗೊತ್ತಿಲ್ಲದ ಸರ್ಜನ್‌ಗೆ ಎಷ್ಟು ಚೆನ್ನಾಗಿ ಹೊಲಿಯಲು ಬಂದರೂ ಏನು ಪ್ರಯೋಜನ?

ಎಂವಿಎಸ್ಸಿ, ಅಂದರೆ ಸ್ನಾತಕೋತ್ತರ ಪದವಿ ಮಾಡು, ಸರ್ಜರಿ ಮತ್ತು ರೇಡಿಯಾಲಜಿ ತಗೊ. ಎಮ್ಮೆಗಳಲ್ಲಿ ವಪೆ ಹರಿದು ರೆಟಿಕ್ಯುಲಮ್ ಎದೆಯೊಳಗೆ ಬರುವುದು ನಮ್ಮ ದೇಶದಲ್ಲಿ ತುಂಬಾ ನೋಡುತ್ತೇವೆ, ಆ ಆಪರೇಷನ್‌ನಲ್ಲಿ ಕೈ ಹಾಕು. ಹರಿದ ಜಾಗದಿಂದ ಬೆರಳಿಗೆ ಹೃದಯ ಬಡಿಯುವುದು ತಾಗುತ್ತದೆ. ನಿನಗೆ ಈ ಕೆಲಸ ಬೇಕೋ ಬೇಡವೋ ಅವತ್ತೇ ಗೊತ್ತಾಗುತ್ತದೆ.

ಕಲ್ಯಾಣದ_ಕೂಸು:

@ತೊಗರಿಹೊಟ್ಟು ಯೂಟ್ಯೂಬ್ ಕಥೆ ಅಲ್ಲ ಅಣ್ಣ. ಜಪಾನಿನ ಮಸಾಮಿ ಉಎಚಿ ಅನ್ನುವ ಪಶುವೈದ್ಯರು 2012ರಲ್ಲೇ 48 ಚಿಕ್ಕ ನಾಯಿಗಳ ಲೆಕ್ಕ ಪ್ರಕಟಿಸಿದ್ದಾರೆ. ಹೃದಯ ನಿಲ್ಲಿಸಿ, ಮೈಟ್ರಲ್ ವಾಲ್ವ್ ರಿಪೇರಿ ಮಾಡಿ, 45 ನಾಯಿಗಳು ಆಸ್ಪತ್ರೆಯಿಂದ ಮನೆಗೆ ಹೋಗಿವೆ. ಈಗ ಯೊಕೊಹಾಮಾದಲ್ಲಿ ಅವರ ಆಸ್ಪತ್ರೆಯೇ ಇದೆ, ಜಾಸ್ಮಿನ್ ಅಂತ ಹೆಸರು. ಬೇರೆ ಬೇರೆ ದೇಶಗಳಿಂದ ಜನ ನಾಯಿ ಎತ್ತಿಕೊಂಡು ವಿಮಾನ ಹತ್ತಿ ಬರುತ್ತಾರೆ.

ನಾನು ಬಸವಕಲ್ಯಾಣದವಳು, ಬೀದರ್‌ನಲ್ಲೇ ಓದಿದ್ದು, ಎಂವಿಎಸ್ಸಿ ಆದ ಮೇಲೆ ಹೊರದೇಶಕ್ಕೆ ಬಂದು ಈಗ ಒಂದು ದೊಡ್ಡ ನಾಯಿ ಬೆಕ್ಕಿನ ಆಸ್ಪತ್ರೆಯಲ್ಲಿದ್ದೇನೆ. ಹಾರ್ಟ್ ಸರ್ಜನ್ ಅಲ್ಲ, ಅಂಥವರ ಜೊತೆ ಅರಿವಳಿಕೆ ಕಡೆ ಕೆಲಸ ಮಾಡಿದ್ದೇನೆ. ಹಾಗಾಗಿ ಕಂಡದ್ದನ್ನು ಹೇಳುತ್ತೇನೆ.

ನಿನ್ನ ಪಾಮರೇನಿಯನ್‌ಗೆ ಇದ್ದದ್ದು ಬಹುತೇಕ ಮೈಟ್ರಲ್ ವಾಲ್ವ್ ಸವೆತವೇ. ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಎರಡು ರೆಕ್ಕೆಯ ಬಾಗಿಲು, ಅದನ್ನು ಕೆಳಗಿನಿಂದ ದಾರದಂಥ ಎಳೆಗಳು ಹಿಡಿದುಕೊಂಡಿರುತ್ತವೆ. ವಯಸ್ಸಾದಂತೆ ರೆಕ್ಕೆ ದಪ್ಪ ಆಗಿ ಗಂಟು ಗಂಟಾಗುತ್ತದೆ, ದಾರ ಉದ್ದ ಆಗುತ್ತದೆ ಅಥವಾ ಕಿತ್ತುಹೋಗುತ್ತದೆ. ರಕ್ತ ಹಿಂದಕ್ಕೆ ಚಿಮ್ಮುತ್ತದೆ, ನೀನು ಕೇಳಿದ ಬುಸ್ ಅದೇ. ಕೊನೆಗೆ ಶ್ವಾಸಕೋಶದಲ್ಲಿ ನೀರು. ಆಪರೇಷನ್‌ನಲ್ಲಿ ಕಿತ್ತ ದಾರದ ಜಾಗದಲ್ಲಿ ಗೋರ್‌ಟೆಕ್ಸ್ ದಾರ ಹಾಕುತ್ತಾರೆ (ಹೌದು, ದುಬಾರಿ ರೇನ್‌ಕೋಟ್‌ನಲ್ಲಿ ಇರುತ್ತದಲ್ಲ, ಅದೇ ಜಾತಿಯ ವಸ್ತು), ಅಗಲವಾದ ಬಾಗಿಲ ಚೌಕಟ್ಟನ್ನು ಹೊಲಿದು ಕಿರಿದು ಮಾಡುತ್ತಾರೆ. ಹೊಸ ವಾಲ್ವ್ ಕೂರಿಸುವುದಕ್ಕಿಂತ ಇದ್ದದ್ದನ್ನೇ ರಿಪೇರಿ ಮಾಡುವುದು ನಾಯಿಗೆ ವಾಸಿ. ಲೋಹದ ವಾಲ್ವ್ ಹಾಕಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುವ ಕಾಟ ಜೀವನಪೂರ್ತಿ.

ಕಲಿಯುವ ದಾರಿ ಉದ್ದ ಇದೆ, ಮುಚ್ಚಿಡುವುದಿಲ್ಲ. ಅಮೆರಿಕದ ಲೆಕ್ಕದಲ್ಲಿ ಪಶುವೈದ್ಯ ಪದವಿ ಆದ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಮೂರು ವರ್ಷ ಸರ್ಜರಿ ರೆಸಿಡೆನ್ಸಿ, ಆಮೇಲೆ ಬೋರ್ಡ್ ಪರೀಕ್ಷೆ. ಅದೆಲ್ಲ ಆದ ಮೇಲೆ ಹೃದಯದ ಸರ್ಜರಿ ನಡೆಯುವ ಕಡೆ ಸೇರಿ ಮತ್ತೆ ಕೆಲವು ವರ್ಷ. ನಮ್ಮ ಪದವಿಯವರು ಅಲ್ಲಿ ಲೈಸೆನ್ಸ್ ತೆಗೆದುಕೊಳ್ಳಬೇಕಾದರೆ ಇಸಿಎಫ್‌ವಿಜಿ ಅಥವಾ ಪೇವ್ ಅನ್ನುವ ಅರ್ಹತೆ ದಾಟಿ, ನಾವ್ಲೆ ಪರೀಕ್ಷೆ ಬರೆಯಬೇಕು. ದುಡ್ಡು ಖರ್ಚು, ವರ್ಷಗಳೂ ಖರ್ಚು.

ಆದರೆ ನನಗೆ ಗೊತ್ತಾದ ಮುಖ್ಯ ಸಂಗತಿ ಬೇರೆ. ಇದನ್ನು ಒಬ್ಬ ಸರ್ಜನ್ ಒಬ್ಬನೇ ಹೋಗಿ ಕಲಿತು ಬಂದರೆ ನಡೆಯುವುದಿಲ್ಲ. ಇಂಗ್ಲೆಂಡಿನ ರಾಯಲ್ ವೆಟರ್ನರಿ ಕಾಲೇಜ್ ಇರಲಿ, ಫ್ಲಾರಿಡಾ ವಿಶ್ವವಿದ್ಯಾಲಯ ಇರಲಿ, ಎಲ್ಲಾ ಕಡೆ ತಂಡ ಕಟ್ಟಿಯೇ ಮಾಡಿದ್ದು. ಸರ್ಜನ್, ಸಹಾಯಕ, ಅರಿವಳಿಕೆಯವರು, ಎಕೋ (ಹೃದಯದ ಅಲ್ಟ್ರಾಸೌಂಡ್) ನೋಡುವವರು, ಹೃದಯದ ಬದಲು ರಕ್ತ ಹರಿಸುವ ಪಂಪ್ ನಡೆಸುವವರು, ರಕ್ತ ಹೊಂದಿಸುವವರು, ಆಪರೇಷನ್ ಆದ ಮೇಲೆ ರಾತ್ರಿಯೆಲ್ಲಾ ಕಾಯುವವರು. ಎಲ್ಲರೂ ಒಟ್ಟಿಗೆ ಕಲಿಯಬೇಕು. ಅದರಲ್ಲಿ ಒಬ್ಬರು ಬಿಟ್ಟು ಹೋದರೆ ಇಡೀ ಕೆಲಸ ನಿಲ್ಲುತ್ತದೆ. ಜಗತ್ತಿನಲ್ಲಿ ಇಂಥ ಜಾಗಗಳು ಬೆರಳೆಣಿಕೆಯಷ್ಟು ಇರುವುದು ಅದಕ್ಕೇ. ಒಂದು ಆಪರೇಷನ್‌ಗೆ ಅಮೆರಿಕದಲ್ಲಿ ಹತ್ತಾರು ಸಾವಿರ ಡಾಲರ್ ಆಗುವುದೂ ಅದಕ್ಕೇ.

ಇನ್ನೊಂದು ದಾರಿ ಈಗ ಬಂದಿದೆ, ಅದನ್ನೂ ನೋಡು. ಎದೆಯಲ್ಲಿ ಸಣ್ಣ ಗಾಯ ಮಾಡಿ, ಹೃದಯದ ತುದಿಯಿಂದ ಒಂದು ಕೊಳವೆ ತೂರಿಸಿ, ಸೋರುವ ವಾಲ್ವ್‌ನ ಎರಡು ರೆಕ್ಕೆಗಳನ್ನು ಒಂದು ಕ್ಲಿಪ್‌ನಿಂದ ಹಿಡಿದುಬಿಡುತ್ತಾರೆ. ವಿ ಕ್ಲ್ಯಾಂಪ್ ಅಂತಾರೆ, ಶಾಂಘೈನ ಕಂಪನಿಯದ್ದು. ಹೃದಯ ಬಡಿಯುತ್ತಲೇ ಇರುತ್ತದೆ, ಪಂಪ್ ಬೇಕಿಲ್ಲ. 2024ರಲ್ಲಿ ದೆಹಲಿಯಲ್ಲಿ ಒಂದು ಬೀಗಲ್ ನಾಯಿಗೆ ಇದನ್ನು ಮಾಡಿದರು, ಪೇಪರ್‌ನಲ್ಲೂ ಬಂದಿತ್ತು. ಅಂದರೆ ನಮ್ಮ ದೇಶದಲ್ಲೂ ಶುರುವಾಗಿದೆ. ಇದಕ್ಕೆ ಬೇಕಿರುವುದು ಅನ್ನನಾಳದೊಳಗಿಂದ ಎಕೋ ನೋಡುವ ಕೌಶಲ ಮತ್ತು ಸಿ ಆರ್ಮ್ ಅನ್ನುವ ಎಕ್ಸ್‌ರೇ ಮಷಿನ್. ಎಲ್ಲಾ ನಾಯಿಗೂ ಹೊಂದುವುದಿಲ್ಲ, ವಾಲ್ವ್‌ನ ಆಕಾರ ನೋಡಿ ಆರಿಸುತ್ತಾರೆ.

ಮತ್ತೆ ಎಲ್ಲದಕ್ಕೂ ಸರ್ಜರಿ ಅಂತ ಓಡಬೇಡ. ಹೃದಯ ದೊಡ್ಡದಾಗಿದೆ ಆದರೆ ಇನ್ನೂ ಕೆಮ್ಮು ದಮ್ಮು ಬಂದಿಲ್ಲ ಅನ್ನುವ ಹಂತದಲ್ಲಿ ಪಿಮೋಬೆಂಡಾನ್ ಅನ್ನುವ ಹೃದಯದ ಔಷಧಿ ಶುರು ಮಾಡಿದರೆ, ಹಾರ್ಟ್ ಫೇಲ್ಯೂರ್ ಸುಮಾರು 15 ತಿಂಗಳು ಮುಂದೆ ಹೋಗುತ್ತದೆ ಅಂತ 2016ರ ಎಪಿಕ್ ಅಧ್ಯಯನ ತೋರಿಸಿದೆ. ನಾಯಿಯ ಆಯಸ್ಸಿನಲ್ಲಿ 15 ತಿಂಗಳು ಅಂದರೆ ಸಣ್ಣ ಮಾತಲ್ಲ.

ಪಂಪ್_ಹಿಂದಿನವನು:

ಪಶುವೈದ್ಯರ ನಡುವೆ ನಾನೊಬ್ಬ ಹೊರಗಿನವನು, ಕ್ಷಮಿಸಿ. ನಾನು ಕಲಬುರಗಿಯವನು, ಮನುಷ್ಯರ ಹಾರ್ಟ್ ಆಪರೇಷನ್‌ನಲ್ಲಿ ಪರ್ಫ್ಯೂಷನಿಸ್ಟ್. ಅಂದರೆ ಹಾರ್ಟ್ ಲಂಗ್ ಮಷಿನ್ ನಡೆಸುವವನು. ನಮ್ಮನ್ನು ಯಾರೂ ಕೇಳುವುದಿಲ್ಲ, ಮೇಲಿನ ಮೇಡಂ ಪಂಪ್ ನಡೆಸುವವರು ಅಂತ ಬರೆದದ್ದು ನೋಡಿ ಖುಷಿ ಆಯಿತು, ಅದಕ್ಕೆ ಬರೆಯುತ್ತಿದ್ದೇನೆ.

ತಮ್ಮಾ, ನಿನ್ನ ಆರು ಕೆಜಿ ನಾಯಿಯ ಲೆಕ್ಕ ಹಾಕೋಣ. ನಾಯಿಗೆ ಒಂದು ಕೆಜಿಗೆ ಸುಮಾರು 80ರಿಂದ 90 ಎಂಎಲ್ ರಕ್ತ ಇರುತ್ತದೆ ಅಂತ ಓದಿದೆ. ಅಂದರೆ ಇಡೀ ಮೈಯಲ್ಲಿ ಅರ್ಧ ಲೀಟರ್, ಒಂದು ಹಾಲಿನ ಪ್ಯಾಕೆಟ್‌ನಷ್ಟು. ದೊಡ್ಡವರಿಗೆ ನಾವು ಬಳಸುವ ಸರ್ಕ್ಯೂಟ್, ಅಂದರೆ ಪೈಪು, ರಕ್ತ ಬಂದು ನಿಲ್ಲುವ ರಿಸರ್ವಾಯರ್, ಆಕ್ಸಿಜನೇಟರ್ ಎಲ್ಲ ಸೇರಿ, ತುಂಬಲು ಒಂದು ಲೀಟರ್‌ಗಿಂತ ಜಾಸ್ತಿ ದ್ರವ ಬೇಕು. ಒಂದು ಪ್ಯಾಕೆಟ್ ಹಾಲಿಗೆ ಎರಡು ಪ್ಯಾಕೆಟ್ ನೀರು ಹಾಕಿದ ಹಾಗೆ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, 40 ಇದ್ದದ್ದು 13ಕ್ಕೆ ಬರುತ್ತದೆ, ಅದರಲ್ಲಿ ಆಕ್ಸಿಜನ್ ಹೊರುವವರು ಯಾರು? ಅದಕ್ಕೇ ಹಸುಗೂಸಿಗೆ ಬಳಸುವ ಪುಟ್ಟ ಸರ್ಕ್ಯೂಟ್ ಬೇಕು, ಅದನ್ನೂ ಮೊದಲೇ ಬೇರೆ ನಾಯಿಯ ರಕ್ತದಿಂದ ತುಂಬಿಟ್ಟಿರಬೇಕು. ದಾನಿ ನಾಯಿ ದೊಡ್ಡದಿದ್ದರೆ, ಒಂದು ಗಟ್ಟಿಮುಟ್ಟಾದ ಲ್ಯಾಬ್ರಡಾರ್ ಅನ್ನಿ, ಅದು 450 ಎಂಎಲ್ ಕೊಡಬಲ್ಲದು. ಆರು ಕೆಜಿ ನಾಯಿಯ ಒಂದು ಆಪರೇಷನ್‌ಗೆ ಎಷ್ಟು ಲ್ಯಾಬ್ರಡಾರ್ ಬೇಕು ನೀನೇ ಲೆಕ್ಕ ಹಾಕು. ಬೀದರ್‌ನಲ್ಲಿ ನಾಯಿಗಳ ಬ್ಲಡ್ ಬ್ಯಾಂಕ್ ಬಗ್ಗೆ ಯೋಚಿಸುವುದು ಸರ್ಜನ್ ಬಗ್ಗೆ ಯೋಚಿಸುವುದಕ್ಕಿಂತ ಮುಂಚೆ ಆಗಬೇಕು.

ಕೆಲಸ ನಡೆಯುವ ಕ್ರಮ ಹೇಳುತ್ತೇನೆ, ನಾಯಿಯಾದರೂ ತತ್ವ ಒಂದೇ. ಹೆಪಾರಿನ್ ಕೊಟ್ಟು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೇವೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಎಸಿಟಿ ಅನ್ನುವ ಪರೀಕ್ಷೆ 480 ಸೆಕೆಂಡ್ ದಾಟಿದ ಮೇಲೇ ಪಂಪ್ ಶುರು, ಅದಕ್ಕೆ ಮೊದಲು ಯಾರು ಬೈದರೂ ನಾನು ಶುರು ಮಾಡುವುದಿಲ್ಲ. ಆಮೇಲೆ ಮೈ ತಂಪು ಮಾಡುತ್ತಾ ಬರುತ್ತೇವೆ. ಸರ್ಜನ್ ಮಹಾಧಮನಿಗೆ ಕ್ಲ್ಯಾಂಪ್ ಹಾಕುತ್ತಾರೆ. ಪೊಟ್ಯಾಸಿಯಂ ಜಾಸ್ತಿ ಇರುವ ತಣ್ಣನೆ ದ್ರಾವಣ, ಕಾರ್ಡಿಯೋಪ್ಲೇಜಿಯಾ, ಹೃದಯದ ರಕ್ತನಾಳಕ್ಕೆ ಹೋಗುತ್ತದೆ. ಮಾನಿಟರ್‌ನಲ್ಲಿ ಇಸಿಜಿ ಒಂದೆರಡು ಸಲ ಅಗಲವಾಗಿ ಬಿದ್ದು ಎದ್ದು ಸಪಾಟಾಗುತ್ತದೆ.

ನಾನು ಟ್ರೇನಿಂಗ್‌ನಲ್ಲಿದ್ದಾಗ ಮೊದಲ ಸಲ ಆ ಸಪಾಟು ಗೆರೆ ನೋಡಿದ್ದು ಇವತ್ತಿಗೂ ನೆನಪಿದೆ. ಅಲ್ಲಿಯ ತನಕ ನನಗೆ ಸಪಾಟು ಗೆರೆ ಅಂದರೆ ಸಿನಿಮಾದಲ್ಲಿ ಅಳುವ ದೃಶ್ಯ ಅಷ್ಟೇ ಗೊತ್ತಿತ್ತು. ಇಲ್ಲಿ ಯಾರೂ ಅಳಲಿಲ್ಲ. ಸರ್ಜನ್ ಹೊಲಿಯಲು ಶುರು ಮಾಡಿದರು, ನರ್ಸ್ ದಾರ ಕೊಟ್ಟರು. ನನ್ನ ಗುರುಗಳು ಮಾತ್ರ ರಿಸರ್ವಾಯರ್‌ನ ಮಟ್ಟದಿಂದ ಕಣ್ಣು ತೆಗೆಯದೆ, ಆ ಕಡೆ ನೋಡಬೇಡ, ಈ ಗೆರೆ ನೋಡು, ಇದು ಖಾಲಿ ಆದರೆ ಪೈಪಿಗೆ ಗಾಳಿ ಹೋಗುತ್ತದೆ ಅಂದರು. ಗಾಳಿ ಮೆದುಳಿಗೆ ಹೋದರೆ ವಾಲ್ವ್ ಎಷ್ಟು ಚೆನ್ನಾಗಿ ರಿಪೇರಿ ಆದರೂ ರೋಗಿ ಏಳುವುದಿಲ್ಲ. ಹಸುಗೂಸಿನ ಸರ್ಕ್ಯೂಟ್‌ನಲ್ಲಿ ಆ ಮಟ್ಟ ಇರುವುದೇ ಒಂದೆರಡು ಬೆರಳಷ್ಟು. ನಾಯಿಯಲ್ಲೂ ಹಾಗೇ ಇರುತ್ತದೆ.

ಒಂದು ಕಥೆ ಹೇಳಿ ಮುಗಿಸುತ್ತೇನೆ. ಮನುಷ್ಯರಲ್ಲಿ ಹಾರ್ಟ್ ಲಂಗ್ ಮಷಿನ್ ಬಳಸಿ ಯಶಸ್ವಿ ಆಪರೇಷನ್ ಮೊದಲು ಮಾಡಿದ್ದು ಜಾನ್ ಗಿಬ್ಬನ್, 1953ರ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ವರ್ಷಗಟ್ಟಲೆ ಬೆಕ್ಕು ನಾಯಿಗಳ ಮೇಲೇ ಆ ಮಷಿನ್ ಪಳಗಿದ್ದು. 1944ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ನೀಲಿಗಟ್ಟಿದ ಮಗುವಿನ ಆಪರೇಷನ್ ಆದಾಗ, ಸರ್ಜನ್ ಬ್ಲಲಾಕ್ ಅವರ ಹಿಂದೆ ಒಂದು ಸ್ಟೂಲ್ ಮೇಲೆ ನಿಂತು ಹೇಗೆ ಹೊಲಿಯಬೇಕು ಅಂತ ಹೇಳಿಕೊಟ್ಟವರು ವಿವಿಯನ್ ಥಾಮಸ್. ಅವರು ಡಾಕ್ಟರ್ ಅಲ್ಲ, ಲ್ಯಾಬ್ ಸಹಾಯಕ. ಆ ಆಪರೇಷನ್ನನ್ನು ನಾಯಿಗಳ ಮೇಲೆ ಮಾಡಿ ಮಾಡಿ ಅವರಿಗೆ ಕೈ ಕೂತಿತ್ತು. ಹಾಗೆ ನೋಡಿದರೆ ಆ ಯಜಮಾನರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಅಪ್ಪನಿಗೆ ಆದದ್ದು ಮೊದಲು ನಾಯಿಗೇ ಆಗಿದ್ದು.

ನಿನಗೆ ಪಂಪ್ ಹೇಗಿರುತ್ತದೆ ನೋಡಬೇಕು ಅನ್ನಿಸಿದರೆ ಕಲಬುರಗಿಗೆ ಬಾ. ಥಿಯೇಟರ್ ಒಳಗೆ ಬಿಡಿಸುವುದು ನನ್ನ ಕೈಯಲ್ಲಿಲ್ಲ, ಆದರೆ ಬಳಸಿ ಬಿಟ್ಟ ಸರ್ಕ್ಯೂಟ್‌ನ ಫೋಟೋ, ನನ್ನ ಹಳೇ ನೋಟ್ಸ್ ಎಲ್ಲಾ ಕೊಡುತ್ತೇನೆ.

ಸೋನು_ಅಮ್ಮ:

ನಾನು ಡಾಕ್ಟರ್ ಅಲ್ಲ, ನಾಯಿ ಸಾಕಿದವಳು. ಕಲಬುರಗಿ. ನಮ್ಮ ಸೋನುಗೆ ಹನ್ನೆರಡು ವರ್ಷ, ಅದಕ್ಕೂ ಇದೇ ಕಾಯಿಲೆ.

ದೊಡ್ಡ ದೊಡ್ಡ ಮಾತು ಓದಿದೆ, ಸಂತೋಷ. ಆದರೆ ನನ್ನ ಕಷ್ಟ ಕೇಳಿ. ಸೋನು ರಾತ್ರಿ ಕೆಮ್ಮಲು ಶುರು ಮಾಡಿದಾಗ ಒಂದು ಕ್ಲಿನಿಕ್‌ನಲ್ಲಿ ಮೂರು ತಿಂಗಳು ಗಂಟಲು ಸೋಂಕು ಅಂತ ಆಂಟಿಬಯಾಟಿಕ್ ಕೊಟ್ಟರು. ಒಮ್ಮೆಯೂ ಎದೆಗೆ ಸ್ಟೆತಸ್ಕೋಪ್ ಸರಿಯಾಗಿ ಇಡಲಿಲ್ಲ. ಕೊನೆಗೆ ಒಂದು ದಿನ ನಾಲಿಗೆ ನೀಲಿ ಆಯಿತು. ಆಗ ಕಾರು ಮಾಡಿಕೊಂಡು ಹೈದರಾಬಾದ್‌ಗೆ ಓಡಿದೆವು, ಅಲ್ಲಿ ಎಕೋ ಮಾಡಿ ಹತ್ತು ನಿಮಿಷದಲ್ಲಿ ಹೇಳಿದರು. ದಾರಿಯುದ್ದಕ್ಕೂ ಅದರ ತಲೆ ನನ್ನ ತೊಡೆ ಮೇಲೆ, ಎಸಿ ಫುಲ್, ಜಹೀರಾಬಾದ್ ದಾಟುವ ತನಕ ನಾನು ಉಸಿರು ಬಿಟ್ಟಿರಲಿಲ್ಲ.

ಅಲ್ಲಿನ ಡಾಕ್ಟರ್ ಒಂದು ವಿಷಯ ಕಲಿಸಿದರು. ನಾಯಿ ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ, 30ರ ಒಳಗಿದ್ದರೆ ಸರಿ, ದಾಟುತ್ತಾ ಹೋದರೆ ಫೋನ್ ಮಾಡಿ ಅಂತ. ಈಗ ಒಂದೂವರೆ ವರ್ಷದಿಂದ ದಿನಾ ರಾತ್ರಿ ಊಟ ಆದ ಮೇಲೆ ಎಣಿಸಿ ಕ್ಯಾಲೆಂಡರ್ ಮೇಲೆ ಬರೆಯುತ್ತೇನೆ. ಹಾಲಿನ ಲೆಕ್ಕದ ಪಕ್ಕದಲ್ಲೇ ಸೋನು ಲೆಕ್ಕ. 22, 24, 21. ಎರಡು ಸಲ 38 ಬಂದಿತ್ತು, ಡಾಕ್ಟರ್ ಫೋನ್‌ನಲ್ಲೇ ಮಾತ್ರೆ ಹೆಚ್ಚಿಸಿದರು, ಇಳಿಯಿತು.

ತಮ್ಮಾ, ನೀನು ಜಪಾನಿಗೆ ಹೋಗು, ಒಳ್ಳೆಯದಾಗಲಿ. ಅದಕ್ಕಿಂತ ಮೊದಲು ಎಕೋ ನೋಡುವುದು ಕಲಿತು ನಮ್ಮ ಕಡೆ ಕೂತರೆ ನನ್ನಂಥವರು ಹೈದರಾಬಾದ್‌ಗೆ ಓಡುವುದು ತಪ್ಪುತ್ತದೆ.

ಎಮ್ಮೆ_ಡಾಕ್ಟ್ರು:

@ಸೋನು_ಅಮ್ಮ ನೀವು ಹೇಳಿದ್ದು ಸರಿ ಮೇಡಂ. ಮತ್ತೆ ಇನ್ನೊಂದು ನೆನಪಾಯಿತು, ತಮ್ಮಾ. ಪಂಪ್ ಇಲ್ಲದೆ ಮಾಡುವ ಹೃದಯದ ಆಪರೇಷನ್ ಇದೆಯಲ್ಲ, ಪಿಡಿಎ. ತಾಯಿ ಹೊಟ್ಟೆಯಲ್ಲಿದ್ದಾಗ ತೆರೆದಿರುವ ಒಂದು ನಾಳ ಹುಟ್ಟಿದ ಮೇಲೆ ಮುಚ್ಚಬೇಕು, ಕೆಲವು ಮರಿಗಳಲ್ಲಿ ಮುಚ್ಚುವುದಿಲ್ಲ. ಎಡ ಕಂಕುಳ ಹತ್ತಿರ ಕೇಳಿದರೆ ಹಿಟ್ಟಿನ ಗಿರಣಿ ತರಹ ನಿಲ್ಲದ ಸದ್ದು. ಎಡಗಡೆ ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿ ತೆರೆದು, ಆ ನಾಳದ ಹಿಂದೆ ರೈಟ್ ಆ್ಯಂಗಲ್ ಫೋರ್ಸೆಪ್ಸ್ ತೂರಿಸಿ, ಎರಡು ರೇಷ್ಮೆ ದಾರ ಕಟ್ಟಿದರೆ ಆಯಿತು. ಸದ್ದು ಅಲ್ಲೇ ನಿಲ್ಲುತ್ತದೆ. ಕಷ್ಟ ಒಂದೇ, ಹಿಂದಿನ ಗೋಡೆ ಹರಿದರೆ ರಕ್ತ ನಿಲ್ಲಿಸಲು ಸಮಯ ಸಿಗುವುದಿಲ್ಲ. ಮನುಷ್ಯರಲ್ಲಿ ಇದನ್ನು 1938ರಲ್ಲೇ ಮಾಡಿದರು, ಓಪನ್ ಹಾರ್ಟ್‌ಗಿಂತ ಎಷ್ಟೋ ಮುಂಚೆ. ಅವರು ಹತ್ತಿದ ಮೆಟ್ಟಿಲನ್ನೇ ನೀನೂ ಹತ್ತು.

ತೊಗರಿಹೊಟ್ಟು:

ಸರಿ ಸರಿ, ಯೂಟ್ಯೂಬ್ ಮಾತು ವಾಪಸ್ ತಗೊಂಡೆ. ಆದರೆ ನಮ್ಮ ತಾಲೂಕಿಗೆ ಎಕ್ಸ್‌ರೇ ಮಷಿನ್ ಬೇಕು ಅನ್ನುವುದು ವಾಪಸ್ ತಗೊಳ್ಳಲ್ಲ.

ಸುರಪುರದ_ಹುಡುಗ:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಎಲ್ಲರಿಗೂ ಥ್ಯಾಂಕ್ಸ್. ಸುಮ್ನೆ ಕೂರಲಿಲ್ಲ. ಇಲ್ಲಿ ಒಂದು ಮಟನ್ ಅಂಗಡಿಯಲ್ಲಿ ಕುರಿ ಹೃದಯ ತರಲು ಶುರು ಮಾಡಿದೆ. ಮೊದಲ ದಿನ ತಂದದ್ದು ವ್ಯರ್ಥ ಆಯಿತು, ಯಾಕಂದ್ರೆ ಅವರು ರಕ್ತ ತೊಳೆಯಲು ನಡುವೆ ಸೀಳಿಯೇ ಕೊಡುತ್ತಾರೆ, ವಾಲ್ವ್ ಎರಡು ಹೋಳು. ಎರಡನೇ ದಿನ ಕೊಯ್ಯಬೇಡಿ ಭಾಯ್, ಇಡಿಯಾಗಿ ಕೊಡಿ ಅಂದೆ. ಇಡಿಯಾಗಿ ಹೇಗೆ ಬೇಯಿಸುತ್ತೀಯ ಅಂತ ಕೇಳಿದರು. ಬೇಯಿಸಲು ಅಲ್ಲ ಅಂದಿದ್ದಕ್ಕೆ ಒಂಥರಾ ನೋಡಿದರು.

ಹಾಸ್ಟೆಲ್‌ನಲ್ಲಿ ಸ್ಟೀಲ್ ತಟ್ಟೆ ಮೇಲೆ ಇಟ್ಟು ಎಡಗಡೆ ಮೇಲಿನ ಕೋಣೆ ತೆರೆದೆ. ಮೈಟ್ರಲ್ ವಾಲ್ವ್ ಒದ್ದೆ ರೇಷ್ಮೆ ಬಟ್ಟೆ ತರಹ, ಕೆಳಗೆ ಬಿಳಿ ದಾರಗಳು. ಹೃದಯದ ತುದಿಗೆ ದಪ್ಪ ಸೂಜಿ ಚುಚ್ಚಿ ಸಿರಿಂಜ್‌ನಿಂದ ನೀರು ಬಿಟ್ಟರೆ ಎರಡೂ ರೆಕ್ಕೆ ಉಬ್ಬಿ ಬಂದು ಮುಚ್ಚಿಕೊಂಡವು, ಒಂದು ಹನಿ ಮೇಲೆ ಬರಲಿಲ್ಲ. ಆಮೇಲೆ ಬೇಕಂತಲೇ ಎರಡು ದಾರ ಕತ್ತರಿಸಿ ಮತ್ತೆ ನೀರು ಬಿಟ್ಟೆ. ಒಂದು ರೆಕ್ಕೆ ಮಗುಚಿ ನೀರು ನನ್ನ ಕನ್ನಡಕಕ್ಕೆ ಚಿಮ್ಮಿತು. ಆ ರಾತ್ರಿ ಕೇಳಿದ ಬುಸ್ ಸದ್ದು ಕಣ್ಣಿಗೆ ಕಂಡ ಹಾಗಾಯಿತು.

ಈಗ 5-0 ಪ್ರೋಲೀನ್ ಅನ್ನುವ ಸಣ್ಣ ಹೊಲಿಗೆ ದಾರದಿಂದ ಹೊಸ ಎಳೆ ಕಟ್ಟಲು ಪ್ರಯತ್ನ ಮಾಡುತ್ತಿದ್ದೇನೆ. ಗೋರ್‌ಟೆಕ್ಸ್ ಎಲ್ಲಿಂದ ತರಲಿ. ಉದ್ದ ಆದರೆ ಸೋರುತ್ತದೆ, ಗಿಡ್ಡ ಆದರೆ ರೆಕ್ಕೆ ಕೆಳಗೆ ಎಳೆದುಕೊಂಡು ಅದೂ ಸೋರುತ್ತದೆ. ಒಂದೆರಡು ಮಿಲಿಮೀಟರ್‌ನ ಆಟ. ಒಂಬತ್ತು ಹೃದಯ ಆಯಿತು, ಒಂದು ಮಾತ್ರ ಪೂರ್ತಿ ಸೋರಲಿಲ್ಲ. ಅದೂ ಕುರಿಯದ್ದು, ದೊಡ್ಡದು, ಬಡಿಯದೇ ಇರುವುದು. ಪಾಮರೇನಿಯನ್‌ದು ಇದರ ಕಾಲುಭಾಗವೂ ಇರಲ್ಲ.

ಪಿಜಿ ಪರೀಕ್ಷೆಗೆ ಅರ್ಜಿ ಹಾಕುತ್ತಿದ್ದೇನೆ, ಸರ್ಜರಿಗೆ. ವೈದ್ಯಾಧಿಕಾರಿ ಪರೀಕ್ಷೆಯನ್ನೂ ಬರೆಯುತ್ತೇನೆ ಅಂತ ಕಾಕಾಗೆ ಮಾತು ಕೊಟ್ಟಿದ್ದೇನೆ, ಅದಕ್ಕೆ ಅವರು ಫೋನ್ ಮಾಡುವುದು ಎರಡು ದಿನಕ್ಕೊಮ್ಮೆ ಆಗಿದೆ. @ಸೋನು_ಅಮ್ಮ ಮೇಡಂ, ಎಕೋ ಮಷಿನ್ ಹತ್ತಿರ ದಿನಾ ಒಂದು ಗಂಟೆ ನಿಲ್ಲುತ್ತಿದ್ದೇನೆ, ಬಲಗಡೆಯಿಂದ ನಾಲ್ಕು ಕೋಣೆ ಒಟ್ಟಿಗೆ ಕಾಣಿಸುವಷ್ಟು ಬಂದಿದೆ.

ಎಮ್ಮೆ_ಡಾಕ್ಟ್ರು:

ಒಂಬತ್ತಕ್ಕೆ ಒಂದಾ? ಪರವಾಗಿಲ್ಲ. ನನ್ನ ಮೊದಲ ಹತ್ತು ರೂಮೆನ್ ಹೊಲಿಗೆ ನೋಡಿದ್ದರೆ ನೀನು ನಗುತ್ತಿದ್ದೆ.

ಗುರುವಾರ ಶಹಾಪುರ ಕಡೆಯ ಒಂದು ಮುರ್ರಾ ಎಮ್ಮೆಯನ್ನು ಬೀದರ್‌ಗೆ ಕಳಿಸುತ್ತಿದ್ದೇನೆ, ವಪೆ ಹರಿದಿರುವ ಅನುಮಾನ. ಎಕ್ಸ್‌ರೇಯಲ್ಲಿ ಹೌದು ಅಂತ ಬಂದರೆ ರೂಮೆನ್ ಖಾಲಿ ಮಾಡಿಕೊಂಡು ಮಾರನೇ ದಿನವೋ ಅದರ ಮಾರನೇ ದಿನವೋ ಎದೆ ಕಡೆಯಿಂದ ಆಪರೇಷನ್‌ಗೆ ತೆಗೆದುಕೊಳ್ಳುತ್ತಾರೆ. ಅಲ್ಲಿನವರಿಗೆ ಹೇಳಿದ್ದೇನೆ. ಕತ್ತಿ ಹಿಡಿಯುವ ಆಸೆ ಇಟ್ಟುಕೊಂಡು ಬರಬೇಡ, ತಲೆ ಹತ್ತಿರ ನಿಂತು ಉಸಿರು ಕೊಡುವ ಬ್ಯಾಗ್ ಒತ್ತುವ ಕೆಲಸ ನಿನ್ನದು. ಎರಡು ಗಂಟೆ ಆಗಬಹುದು, ಕೈ ನೋಯುತ್ತದೆ.

ಸುರಪುರದ_ಹುಡುಗ:

ಬರುತ್ತೇನೆ ಸರ್. ಗಮ್‌ಬೂಟ್ ನನ್ನದೇ ಇದೆ.